ದೆಹಲಿಯ ಮೂರು ತಿಂಗಳು, ಯಾದಗಿರಿಯ ಲೆಕ್ಕ

ಕಳೆದ ಎಳ್ಳ ಅಮಾವಾಸ್ಯೆಗೆ ನಾನು ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನ ನಮ್ಮ ಊರಿಗೆ ಬಂದಿದ್ದೆ. ಹೊಲದಲ್ಲಿ ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಭಜ್ಜಿ ಊಟ ಮುಗಿಸಿ ಬನ್ನಿ ಗಿಡದ ನೆರಳಲ್ಲಿ ಕುಳಿತಿದ್ದಾಗ ಅಣ್ಣನ ಮಗಳು ತನ್ನ ಗೆಳತಿಯನ್ನು ಕರೆದುಕೊಂಡು ಬಂದಳು. ಗೆಳತಿಯ ಕೈಯಲ್ಲಿ ನೋಟ್‌ಬುಕ್ಕಿನಿಂದ ಹರಿದ ಒಂದು ಹಾಳೆ ಇತ್ತು. ಎಡಗಡೆ ‘ಬರೋದು’ ಎಂದು ಬರೆದು ಅದರ ಕೆಳಗೆ 10,000 ಎಂಬ ಒಂದೇ ಅಂಕಿ. ಬಲಗಡೆ ‘ಹೋಗೋದು’ ಎಂದು ಬರೆದು ಪಿಜಿ 9,500, ಮಧ್ಯಾಹ್ನದ ಊಟ 2,000, ಮೆಟ್ರೊ 1,800, ಫೋನು 300. ಕೆಳಗೆ ಬೇರೆ ಶಾಯಿಯಲ್ಲಿ ಇನ್ನೂ ಎರಡು ಸಾಲು: ಆಫೀಸಿಗೆ ಹಾಕುವ ಬಟ್ಟೆ, ಚಪ್ಪಲಿ 2,500, ಬಿಟ್ಟುಹೋಗುವ ಟ್ಯೂಷನ್ ತಿಂಗಳಿಗೆ 2,500. ಮೂರು ತಿಂಗಳಿಗೆ ಒಟ್ಟು ಕೊರತೆ 20,800 ರೂಪಾಯಿ. “ಕಾಕಾ, ರೊಕ್ಕ ಕೊಡ್ತೀವಿ ಅಂತ ಬರದಾರ. ಆದ್ರ ಹೋಗ್ಬೇಕಂದ್ರ ಮನಿಯಿಂದನ ಇಪ್ಪತ್ತು ಸಾವಿರ ತೆಗೀಬೇಕಾಗ್ತದ” ಎಂದಳು. ಆಕೆಯ ತಂದೆ ಯಾದಗಿರಿಯ ಒಂದು ದಾಲ್ ಮಿಲ್ಲಿನಲ್ಲಿ ಹಮಾಲಿ ಮಾಡುತ್ತಾರೆ. ಆಕೆ ಅದೇ ವರ್ಷ ಬಿ.ಎ. ಮುಗಿಸಿದ್ದಳು.

ಆ ಹಾಳೆ ನಮ್ಮ ವಿದೇಶಾಂಗ ಸಚಿವಾಲಯದ ಇಂಟರ್ನ್‌ಶಿಪ್ಪಿನ, ಅಂದರೆ ದೆಹಲಿಯ ಕಚೇರಿಯಲ್ಲಿ ಮೂರು ತಿಂಗಳವರೆಗೆ ದುಡಿಯುತ್ತ ಕೆಲಸ ಕಲಿಯುವ ಅವಕಾಶದ, ಲೆಕ್ಕವಾಗಿತ್ತು. ಈ ಯೋಜನೆಯ ಬಗ್ಗೆ ನನಗೆ ಗೌರವವಿದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್ ಎಂದು ವರ್ಷಕ್ಕೆ ಎರಡು ಅವಧಿಗಳಲ್ಲಿ ಆಯ್ಕೆ ನಡೆಯುತ್ತದೆ. ತಿಂಗಳಿಗೆ 10,000 ರೂಪಾಯಿ ಗೌರವಧನ ಸಿಗುತ್ತದೆ. ದೆಹಲಿಗೆ ಹೋಗಿಬರುವ ವಿಮಾನದ ದರವನ್ನು ಒಂದು ಬಾರಿ ಸಚಿವಾಲಯವೇ ಭರಿಸುತ್ತದೆ. ಎಲ್ಲ ರಾಜ್ಯಗಳಿಗೂ ಪಾಲು ಇರಬೇಕೆಂದು ನಿಯಮದಲ್ಲೇ ಬರೆದಿದ್ದಾರೆ. ಮಹತ್ವಾಕಾಂಕ್ಷಿ ಜಿಲ್ಲೆಗಳೆಂದು 2018ರಲ್ಲಿ ಕೇಂದ್ರ ಸರ್ಕಾರ ಗುರುತಿಸಿದ ಜಿಲ್ಲೆಗಳ ಅಭ್ಯರ್ಥಿಗಳಿಗೆ ಆದ್ಯತೆಯೂ ಇದೆ, ಆ ಪಟ್ಟಿಯಲ್ಲಿ ಕರ್ನಾಟಕದಿಂದ ಇರುವುದು ರಾಯಚೂರು ಮತ್ತು ಯಾದಗಿರಿ. ನಮ್ಮ ಜಿಲ್ಲೆಯ ಹೆಸರು ಹಿಂದುಳಿದವರ ಪಟ್ಟಿಗಳಲ್ಲಿ ಬರುವುದನ್ನು ಚಿಕ್ಕಂದಿನಿಂದ ನೋಡಿದ ನನಗೆ, ಅದೇ ಹೆಸರು ರಾಜತಾಂತ್ರಿಕ ಕಚೇರಿಯ ಬಾಗಿಲಲ್ಲಿ ಒಂದು ಹೆಜ್ಜೆ ಮುಂದೆ ನಿಲ್ಲಿಸುವ ಕಾರಣವಾಗಿದೆ ಎಂದು ತಿಳಿದಾಗ ಆದ ಸಂತೋಷ ಸಣ್ಣದಲ್ಲ. ಆದರೆ ದೆಹಲಿಯಲ್ಲಿ ವಸತಿ, ಊಟದ ವ್ಯವಸ್ಥೆಯನ್ನು ಇಂಟರ್ನ್‌ಗಳೇ ಮಾಡಿಕೊಳ್ಳಬೇಕು. ಆ ಹುಡುಗಿಯ ಹಾಳೆಯ ಬಲಬದಿ ತುಂಬಿದ್ದು ಅದರಿಂದಲೇ.

ನಾನು ಇಪ್ಪತ್ತು ವರ್ಷಗಳಿಂದ ಅಮೆರಿಕದ ವರ್ಜೀನಿಯಾದಲ್ಲಿ, ವಾಷಿಂಗ್ಟನ್ನಿಗೆ ಮೆಟ್ರೊದಲ್ಲಿ ಅರ್ಧ ತಾಸಿನ ದೂರದಲ್ಲಿ ಇದ್ದೇನೆ. ಅಲ್ಲಿಯ ವಿದೇಶಾಂಗ ಇಲಾಖೆಯ ವಿದ್ಯಾರ್ಥಿ ಇಂಟರ್ನ್‌ಶಿಪ್ ಬಹುಕಾಲದವರೆಗೆ ಸಂಬಳವಿಲ್ಲದ ಕೆಲಸವಾಗಿತ್ತು. ನನ್ನ ಜೊತೆ ಕೆಲಸ ಮಾಡುವ ಒಬ್ಬರ ಮಗ ಹತ್ತು ವರ್ಷಗಳ ಹಿಂದೆ ಯುರೋಪಿನ ಒಂದು ರಾಯಭಾರ ಕಚೇರಿಯಲ್ಲಿ ಒಂದು ಬೇಸಿಗೆ ಕಳೆದು ಬಂದ. ವಿಮಾನ, ಬಾಡಿಗೆ, ಊಟ ಎಲ್ಲವನ್ನೂ ಮನೆಯವರೇ ಕೊಟ್ಟಿದ್ದರು, ಕೊಡಬಲ್ಲವರಾಗಿದ್ದರು. ಆಗ ಅಂಥ ಮನೆಗಳ ಮಕ್ಕಳಿಗೆ ಮಾತ್ರ ಆ ದಾರಿ ತೆರೆದಿತ್ತು ಎಂಬುದು ಅಲ್ಲಿಯ ಜನರಿಗೆ ಗೊತ್ತಿಲ್ಲದ ವಿಷಯವೇನಲ್ಲ, ಆದರೂ ಅದನ್ನು ಸರಿಪಡಿಸಲು ಅಷ್ಟು ಶ್ರೀಮಂತ ದೇಶಕ್ಕೆ 2022ರ ತನಕ ಬೇಕಾಯಿತು. ಆ ವರ್ಷದ ಶರತ್ಕಾಲದಿಂದ ಇಲಾಖೆ ತನ್ನ ಇಂಟರ್ನ್‌ಗಳಿಗೆ ಸಂಬಳ ಕೊಡತೊಡಗಿತು. ಈ ಒಂದು ವಿಷಯದಲ್ಲಿ ಭಾರತವನ್ನು ಹಿಂದೆ ನಿಲ್ಲಿಸಿ ಮಾತಾಡುವವರನ್ನು ಕಂಡರೆ ನನಗೆ ಸಹನೆ ಇಲ್ಲ.

ಅಮೆರಿಕದಿಂದ ಕಲಿಯಬೇಕಾದದ್ದು ಇನ್ನೊಂದಿದೆ, ಅದು ಹಣಕ್ಕಿಂತ ದೊಡ್ಡದು ಎಂದು ನನ್ನ ಅನಿಸಿಕೆ. ಅಲ್ಲಿ ಇಂಟರ್ನ್ ಆಗುವವರು ಇನ್ನೂ ಓದುತ್ತಿರುವ ವಿದ್ಯಾರ್ಥಿಗಳು. ಕೆಲಸ ಮುಗಿಸಿ ಮತ್ತೆ ತರಗತಿಗೆ ಮರಳುವವರು. ಪದವಿ ವಿದ್ಯಾರ್ಥಿಗಳಿಗಾಗಿಯೇ ಎರಡು ಬೇಸಿಗೆಗಳ ಒಂದು ಸಂಬಳಸಹಿತ ಕಾರ್ಯಕ್ರಮವನ್ನೂ ಇಲಾಖೆ ರೂಪಿಸಿತು: ಮೊದಲ ಬೇಸಿಗೆ ವಾಷಿಂಗ್ಟನ್ನಿನಲ್ಲಿ ಕಚೇರಿಯ ರೀತಿನೀತಿ ಕಲಿಯುವುದು, ಎರಡನೆಯ ಬೇಸಿಗೆ ಹೊರದೇಶದ ರಾಯಭಾರ ಕಚೇರಿಯಲ್ಲಿ ದುಡಿಯುವುದು. ಮೊದಲ ಬೇಸಿಗೆಯಲ್ಲಿ ತಪ್ಪಿದ್ದನ್ನು ತರಗತಿಗೆ ಹೋಗಿ ಓದಿ ತಿದ್ದಿಕೊಂಡು ಎರಡನೆಯದಕ್ಕೆ ಬರುವ ಅವಕಾಶ ಅದು. ನಮ್ಮಲ್ಲಿ ಹಾಗಲ್ಲ. ಅರ್ಜಿ ಹಾಕಲು ಪದವಿ ಮುಗಿದಿರಬೇಕು. ಅಂತಿಮ ವರ್ಷದವರಿಗೆ ಅವಕಾಶ ಇರುವುದು ಅವರ ಪಠ್ಯಕ್ರಮದಲ್ಲಿ ಇಂಟರ್ನ್‌ಶಿಪ್ ಕಡ್ಡಾಯವಾಗಿದ್ದರೆ ಮಾತ್ರ. ಹೀಗಾಗಿ ಬಿ.ಎ. ಎರಡನೆಯ ವರ್ಷದಲ್ಲಿರುವ ನನ್ನ ಅಣ್ಣನ ಮಗಳಿಗೆ, ಭೂಗೋಳದ ನಕ್ಷೆ ಬಿಡಿಸುತ್ತ ಮಲಾವಿ ಎಲ್ಲಿದೆ ಎಂದು ಕಣ್ಣುಮುಚ್ಚಿ ತೋರಿಸುವ ಹುಡುಗಿಗೆ, ಇಂದು ಯಾವ ದಾರಿಯೂ ಇಲ್ಲ. ಆಕೆ ಪದವಿ ಮುಗಿಸುವ ಹೊತ್ತಿಗೆ ಮನೆಯಲ್ಲಿ ಬಿ.ಎಡ್. ಅಥವಾ ಮದುವೆ, ಎರಡರಲ್ಲಿ ಒಂದರ ಮಾತು ಶುರುವಾಗಿರುತ್ತದೆ. ನಮ್ಮ ಕಡೆ ಹೆಣ್ಣುಮಕ್ಕಳ ಬದುಕಿನಲ್ಲಿ ಎರಡನೆಯ ವರ್ಷದ ಬೇಸಿಗೆ ರಜೆಗೂ ಪದವಿ ಮುಗಿದ ಮೇಲಿನ ಬೇಸಿಗೆಗೂ ಇರುವ ಅಂತರ ದೆಹಲಿಯಲ್ಲಿ ನಿಯಮ ಬರೆಯುವವರಿಗೆ ಕಾಣಿಸಿರಲಿಕ್ಕಿಲ್ಲ.

ಬ್ರಿಟನ್ ಬೇರೆ ದಾರಿ ಹಿಡಿದಿದೆ. 2025ರ ಆಗಸ್ಟ್‌ನಲ್ಲಿ ಅಲ್ಲಿಯ ಸರ್ಕಾರ, ನಾಗರಿಕ ಸೇವೆಯ ಮುಖ್ಯ ಬೇಸಿಗೆ ಇಂಟರ್ನ್‌ಶಿಪ್ಪನ್ನು 2026ರಿಂದ ಕೆಳಗಿನ ಸಾಮಾಜಿಕ, ಆರ್ಥಿಕ ಹಿನ್ನೆಲೆಯ ಪದವಿ ವಿದ್ಯಾರ್ಥಿಗಳಿಗೆ ಮಾತ್ರ ಕೊಡುವುದಾಗಿ ಪ್ರಕಟಿಸಿತು. ಆ ಹಿನ್ನೆಲೆಯನ್ನು ಅಳೆಯುವ ಪ್ರಶ್ನೆ ತೀರ ಸರಳವಾದದ್ದು: ನಿನಗೆ ಹದಿನಾಲ್ಕು ವರ್ಷವಾಗಿದ್ದಾಗ ನಿನ್ನ ತಂದೆತಾಯಿ ಏನು ಕೆಲಸ ಮಾಡುತ್ತಿದ್ದರು? ಅಲ್ಲಿ ಈ ನಿರ್ಧಾರಕ್ಕೆ ಟೀಕೆಯೂ ಬಂದಿದೆ, ಉಳಿದವರನ್ನು ಪೂರ್ತಿ ಹೊರಗಿಡುವುದು ಸರಿಯೇ ಎಂಬ ಪ್ರಶ್ನೆಯಲ್ಲಿ ಅರ್ಥವೂ ಇದೆ. ಆದರೆ ಆ ಪ್ರಶ್ನೆಯನ್ನು ನಾನು ಬನ್ನಿ ಗಿಡದ ಕೆಳಗೆ ಆ ಹುಡುಗಿಗೆ ಕೇಳಿದೆ. “ಆಗೂ ಹಮಾಲೀನ ಕಾಕಾ. ಮಿಲ್ಲು ಬ್ಯಾರೆ ಇತ್ತು, ಕೆಲಸ ಅದೇ” ಎಂದಳು. ನಮ್ಮ ಅರ್ಜಿಯಲ್ಲಿ ಈ ಉತ್ತರ ಬರೆಯಲು ಜಾಗವಿಲ್ಲ. ಮೊದಲ ಸುತ್ತಿನಲ್ಲಿ ನೋಡುವುದು ಹನ್ನೆರಡನೆಯ ತರಗತಿ ಮತ್ತು ಪದವಿಯ ಅಂಕಗಳನ್ನು. ಬೆಳಿಗ್ಗೆ ಕಾಲೇಜು, ಸಂಜೆ ಎರಡು ತಂಡ ಟ್ಯೂಷನ್ ಎಂದು ಓದಿದವಳ ಶೇಕಡಾ 74ಕ್ಕೂ, ಬೆಂಗಳೂರಿನ ಹಾಸ್ಟೆಲಿನಲ್ಲಿ ಓದಿದವರ ಶೇಕಡಾ 88ಕ್ಕೂ ನಡುವೆ ಏನಿದೆ ಎಂಬುದನ್ನು ಅಂಕಪಟ್ಟಿ ಹೇಳುವುದಿಲ್ಲ. ಜಿಲ್ಲೆಗೆ ಕೊಟ್ಟ ಆದ್ಯತೆ ಆ ಅಂತರವನ್ನು ಸ್ವಲ್ಪ ತುಂಬುತ್ತದೆ, ನಿಜ. ಆದರೆ ಜಿಲ್ಲೆಯೊಳಗೆ ಎಲ್ಲ ಮನೆಗಳೂ ಒಂದೇ ಅಲ್ಲ.

ಜಿಲ್ಲೆಯ ಗೆರೆಯ ತೊಡಕು ಇನ್ನೂ ಇದೆ. ಯಾದಗಿರಿಗೆ ಸಿಗುವ ಆದ್ಯತೆ ಕಲಬುರಗಿಗೂ ಬೀದರಿಗೂ ಇಲ್ಲ. ಭೀಮಾ ನದಿಯ ಈ ದಂಡೆಯ ಊರಿನವಳಿಗೆ ಇರುವುದು ಆ ದಂಡೆಯ ಊರಿನವಳಿಗೆ ಇಲ್ಲ. ಔರಾದಿನ ಹುಡುಗ ಮತ್ತು ಬೆಂಗಳೂರಿನ ಹುಡುಗ ಆ ಅರ್ಜಿಯ ಮುಂದೆ ಸಮಾನರು. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಕೊಟ್ಟ ಸಂವಿಧಾನದ 371(ಜೆ) ವಿಧಿ ಬಂದಾಗ ನಾವು ಇಡೀ ಪ್ರದೇಶವನ್ನು ಒಂದಾಗಿ ಕಂಡೆವು, ಆದರೆ ಅದರ ಮೀಸಲಾತಿ ರಾಜ್ಯದೊಳಗಿನ ಶಿಕ್ಷಣ ಮತ್ತು ನೌಕರಿಗೆ ಸಂಬಂಧಿಸಿದ್ದು. ದೆಹಲಿಯ ಸಚಿವಾಲಯದ ಬಾಗಿಲಿಗೆ ಅದು ಬರುವುದಿಲ್ಲ.

ಯುರೋಪಿನ ಬಗ್ಗೆ ಒಂದೇ ಮಾತು. ಐರೋಪ್ಯ ಒಕ್ಕೂಟದ ಹೊರದೇಶದ ಕಚೇರಿಗಳಲ್ಲಿ ನೂರಾರು ಯುವಕರು ಸಂಬಳವಿಲ್ಲದೆ ದುಡಿಯುತ್ತಿದ್ದುದನ್ನು 2017ರಲ್ಲಿ ಅಲ್ಲಿಯ ಓಂಬುಡ್ಸ್‌ಮನ್, ಅಂದರೆ ಆಡಳಿತದ ಮೇಲಿನ ದೂರು ವಿಚಾರಿಸುವ ಅಧಿಕಾರಿ, ಎತ್ತಿ ತೋರಿಸಿ, ಅವರಿಗೆ ಭತ್ಯೆ ಕೊಡಿ ಎಂದು ಹೇಳಬೇಕಾಯಿತು. ವಿಶ್ವಸಂಸ್ಥೆಯ ಕೇಂದ್ರ ಕಚೇರಿಯಂತೂ ತನ್ನ ಇಂಟರ್ನ್‌ಗಳಿಗೆ ಸಂಬಳ ಕೊಡದ ಪದ್ಧತಿಯನ್ನೇ ಇಟ್ಟುಕೊಂಡು ಬಂದಿದೆ.

ಹಮಾಲಿಯ ಮಗಳು ಮೂರು ತಿಂಗಳು ದೆಹಲಿಯಲ್ಲಿ ಕುಳಿತರೆ ದೇಶಕ್ಕೇನು ಲಾಭ ಎಂದು ಕೇಳುವವರಿದ್ದಾರೆ. ಊರಿನಲ್ಲೇ ಒಬ್ಬ ಹಿರಿಯರು ನನ್ನನ್ನು ಕೇಳಿದರು. ಅವರಿಗೆ ನಾನು ತೊಗರಿಯ ಮಾತು ಹೇಳಿದೆ. 2016ರ ಜುಲೈನಲ್ಲಿ ಭಾರತ ಮೊಜಾಂಬಿಕ್ ದೇಶದೊಂದಿಗೆ ಒಪ್ಪಂದ ಮಾಡಿಕೊಂಡು, ವರ್ಷಕ್ಕೆ ಒಂದು ಲಕ್ಷ ಟನ್ನಿನಿಂದ ಶುರುಮಾಡಿ ಎರಡು ಲಕ್ಷ ಟನ್ನಿನವರೆಗೆ ತೊಗರಿ ಮುಂತಾದ ಬೇಳೆಕಾಳು ತರಿಸಿಕೊಳ್ಳಲು ಒಪ್ಪಿತು. 2021ರಲ್ಲಿ ಮಲಾವಿ ಮತ್ತು ಮ್ಯಾನ್ಮಾರ್ ಜೊತೆಗೂ ಅಂಥ ಒಪ್ಪಂದಗಳಾದವು. ಊಟದ ಬೇಳೆ ಅಗ್ಗವಾಗಬೇಕೆಂಬುದು ಇಡೀ ದೇಶದ ಅಗತ್ಯ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಹಡಗು ಬಂದರಿಗೆ ಬಂದ ಸುದ್ದಿಗೆ ಕಲಬುರಗಿ ಎಪಿಎಂಸಿಯಲ್ಲಿ ಧಾರಣೆ ಅಲುಗಿದಾಗ ರೈತನ ಮನೆಯಲ್ಲಿ ಏನಾಗುತ್ತದೆ, ಮಿಲ್ಲಿನಲ್ಲಿ ಹೊರದೇಶದ ಮಾಲು ಇಳಿದ ವಾರ ಹಮಾಲರಿಗೆ ಎಷ್ಟು ಚೀಲ ಸಿಗುತ್ತವೆ ಎಂಬುದು ಆ ಹುಡುಗಿಗೆ ಊಟದ ತಟ್ಟೆಯಷ್ಟು ಹತ್ತಿರದ ವಿಷಯ. ಆಫ್ರಿಕಾದ ದೇಶಗಳೊಂದಿಗೆ ವ್ಯವಹರಿಸುವ ವಿಭಾಗದಲ್ಲಿ ಅದನ್ನು ಬಲ್ಲ ಒಬ್ಬಳು ಮೂರು ತಿಂಗಳು ಟಿಪ್ಪಣಿ ಬರೆಯುತ್ತ ಕುಳಿತರೆ ಆಕೆ ಕಲಿಯುತ್ತಾಳೆ, ವಿಭಾಗವೂ ಕಲಿಯುತ್ತದೆ.

ಇನ್ನೊಂದು ಸಂಗತಿ ಇನ್ನೂ ಹಸಿಯಾಗಿದೆ. ಸಹಾಯಕರ ಕೆಲಸ, ಕಾವಲಿನ ಕೆಲಸ ಎಂದು ನಂಬಿ ರಷ್ಯಾಕ್ಕೆ ಹೋದ ಕಲಬುರಗಿ ಜಿಲ್ಲೆಯ ಯುವಕರು ಅಲ್ಲಿಯ ಸೇನೆಯಲ್ಲಿ ಸಿಲುಕಿದ ಸುದ್ದಿ 2024ರ ಆರಂಭದಲ್ಲಿ ಬಂತು. ಅವರು ಮನೆಗೆ ಮರಳಿದ್ದು ಆ ವರ್ಷದ ಸೆಪ್ಟೆಂಬರ್‌ನಲ್ಲಿ. ಆ ತಿಂಗಳುಗಳಲ್ಲಿ ನನ್ನ ಊರಿನವರು ಫೋನು ಮಾಡಿ ಕೇಳುತ್ತಿದ್ದುದು ಒಂದೇ: ದೆಹಲಿಯಲ್ಲಿ ಇಂಥದಕ್ಕೆ ಯಾರನ್ನು ಕಾಣಬೇಕು? ಗಲ್ಫ್ ದೇಶಗಳಲ್ಲಿ ದುಡಿಯುವ ಮಕ್ಕಳಿರುವ ಬೀದರಿನ ಮನೆಗಳಲ್ಲೂ ಇದೇ ಪ್ರಶ್ನೆ. ಊರಿಗೊಬ್ಬರಾದರೂ ಆ ಕಚೇರಿಯ ಮೆಟ್ಟಿಲು ಹತ್ತಿ ಬಂದವರು, ಯಾವ ವಿಭಾಗ ಏನು ಮಾಡುತ್ತದೆ ಎಂದು ಬಲ್ಲವರು ಇದ್ದರೆ ಆ ಪ್ರಶ್ನೆ ಏಳು ಸಮುದ್ರ ದಾಟಿ ನನ್ನ ತನಕ ಬರಬೇಕಾಗಿಲ್ಲ.

ಇದಕ್ಕೆ ಬೇಕಾಗುವ ಹಣ ಎಷ್ಟು ಎಂದು ನಾನೂ ಒಂದು ಹಾಳೆಯಲ್ಲಿ ಬರೆದು ನೋಡಿದೆ. ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಗಳಿಂದ ತಲಾ ಮೂವರಂತೆ 21 ವಿದ್ಯಾರ್ಥಿಗಳು ವಿದೇಶಾಂಗ ಅಥವಾ ವಾಣಿಜ್ಯ ಸಚಿವಾಲಯಕ್ಕೆ ಆಯ್ಕೆಯಾದರು ಎಂದಿಟ್ಟುಕೊಳ್ಳೋಣ. ಕಲಬುರಗಿಯಲ್ಲೇ ಇರುವ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಒಬ್ಬೊಬ್ಬರಿಗೆ ತಿಂಗಳಿಗೆ ಇನ್ನೂ 10,000 ರೂಪಾಯಿ ಸೇರಿಸಿ, ಮೂರು ತಿಂಗಳ ಹಣವನ್ನು ರೈಲು ಹತ್ತುವ ಮೊದಲೇ ಕೊಟ್ಟರೂ ಆಗುವ ವೆಚ್ಚ 6 ಲಕ್ಷ 30 ಸಾವಿರ. ಮಂಡಳಿಗೆ ರಾಜ್ಯ ಬಜೆಟ್ಟಿನಲ್ಲಿ ಘೋಷಿಸುತ್ತ ಬಂದಿರುವ ಅನುದಾನ ವರ್ಷಕ್ಕೆ 5,000 ಕೋಟಿ. ಮಂಡಳಿಯ ಈ ನೆರವಿಗೆ ಯಾದಗಿರಿ, ಬೀದರ್ ಎಂಬ ಗೆರೆಯೂ ಬೇಕಾಗುವುದಿಲ್ಲ.

ಓದುತ್ತಿರುವವರಿಗಾಗಿ ಇನ್ನೊಂದು ಕೋರಿಕೆ ಇದೆ. ವಿದೇಶಾಂಗ ಸಚಿವಾಲಯದ ಶಾಖಾ ಕಚೇರಿಯೊಂದು ಹೈದರಾಬಾದಿನಲ್ಲಿದೆ. ಬೀದರಿನವರು ಅಲ್ಲಿಗೆ ಬಸ್ಸಿನಲ್ಲಿ ಹೋಗಿ ಆಸ್ಪತ್ರೆ ಕೆಲಸ ಮುಗಿಸಿ ಅದೇ ದಿನ ಮರಳುತ್ತಾರೆ. ಯಾದಗಿರಿಯ ಅರ್ಧ ಮನೆಗಳಿಗೆ ಅಲ್ಲಿ ನೆಂಟರಿದ್ದಾರೆ. ಎರಡನೆಯ ವರ್ಷದವರು ಬೇಸಿಗೆ ರಜೆಯಲ್ಲಿ ಒಂದು ತಿಂಗಳು ಅಲ್ಲಿ, ಪದವಿ ಮುಗಿದ ಮೇಲೆ ಮೂರು ತಿಂಗಳು ದೆಹಲಿಯಲ್ಲಿ ಎಂದು ಏರ್ಪಡಿಸಿದರೆ ಎರಡು ಬೇಸಿಗೆಗಳ ಆ ಪದ್ಧತಿ ನಮ್ಮ ನೆಲಕ್ಕೆ ಹೊಂದುವ ರೂಪದಲ್ಲೇ ಬರುತ್ತದೆ. ಮಗಳನ್ನು ಮೊದಲು ಹೈದರಾಬಾದಿಗೆ ಕಳಿಸಿದ ತಂದೆಗೆ ಮರುವರ್ಷ ದೆಹಲಿ ಅಷ್ಟು ದೂರ ಎನಿಸುವುದಿಲ್ಲ. ಕಾಲೇಜುಗಳೂ ಒಂದು ಸಣ್ಣ ಕೆಲಸ ಮಾಡಬೇಕು: ಆ ಹುಡುಗಿ ಓದಿದ ಕಾಲೇಜಿನ ಸೂಚನಾ ಫಲಕದಲ್ಲಿ ಈ ಇಂಟರ್ನ್‌ಶಿಪ್ಪಿನ ಒಂದು ಕಾಗದವೂ ಮೂರು ವರ್ಷಗಳಲ್ಲಿ ಕಾಣಿಸಿರಲಿಲ್ಲ. ಆಕೆಗೆ ಗೊತ್ತಾದದ್ದು ಫೋನಿನಲ್ಲಿ ಬಂದ ಒಂದು ವಿಡಿಯೊದಿಂದ.

ಊರು ಬಿಡುವ ಹಿಂದಿನ ದಿನ ಆಕೆಯ ಮನೆಗೆ ಹೋಗಿದ್ದೆ. ತಂದೆ ಮಿಲ್ಲಿನಿಂದ ಆಗಷ್ಟೇ ಬಂದಿದ್ದರು, ಹೆಗಲ ಮೇಲಿನ ಟವೆಲಿನಲ್ಲಿ ಇನ್ನೂ ಬೇಳೆಯ ಧೂಳಿತ್ತು. ಕರ್ನಾಟಕ ಎಕ್ಸ್‌ಪ್ರೆಸ್ ಯಾದಗಿರಿಗೆ ಎಷ್ಟು ಗಂಟೆಗೆ ಬರುತ್ತದೆ, ವಿಮಾನಕ್ಕೆ ಹೆದರಿದರೆ ರೈಲಿನಲ್ಲಿ ಹೋಗಬಹುದೇ, ದೆಹಲಿಯಲ್ಲಿ ಕನ್ನಡದವರು ಇದ್ದಾರೆಯೇ ಎಂದು ಒಂದೊಂದಾಗಿ ಕೇಳಿದರು. ಏಪ್ರಿಲ್ ಅವಧಿಗೆ ಅರ್ಜಿ ಹಾಕುವುದೆಂದು ತೀರ್ಮಾನವಾಯಿತು. ಆಯ್ಕೆಯಾದರೆ 20,800 ರೂಪಾಯಿ ನಾನು ಕೊಡುತ್ತೇನೆ ಎಂದೆ. ತಂದೆ ಸುಮ್ಮನಿದ್ದರು. ಮಗಳು ಒಳಗೆ ಹೋಗಿ ಅದೇ ಹಾಳೆ ತಂದು, ಎಡಗಡೆ 10,000ದ ಕೆಳಗೆ ‘ಕಾಕಾನ ಕಡೆಯಿಂದ’ ಎಂದು ಬರೆದಳು. ಸ್ವಲ್ಪ ಹೊತ್ತು ಅದನ್ನೇ ನೋಡಿ, ಮುಂದೆ ‘ಸಾಲ’ ಎಂದು ಸೇರಿಸಿದಳು.