ಕ್ಯಾಮೆರಾ ಜೊತೆ ಒಂದು ಚೀಲ ರಾಗಿ

ನಾನು ಉತ್ತರಾಖಂಡದ ಡೆಹ್ರಾಡೂನ್‌ನಲ್ಲಿ ನೆಲೆಸಿರುವ ಕನ್ನಡಿಗ. ಊರಿಂದ ಬರುವ ನೆಂಟರು, ಗೆಳೆಯರು ಮೊದಲೆಲ್ಲ ಮಸ್ಸೂರಿ, ಹರಿದ್ವಾರ, ಋಷಿಕೇಶ ಎಂದು ಕೇಳುತ್ತಿದ್ದರು. ಈಗ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಬರುವವರೇ ಜಾಸ್ತಿ. ಅವರಿಗೆ ಘರಾಟ್ ನೋಡಬೇಕು. ಹಳ್ಳದ ನೀರಿನ ಬಲದಿಂದ ತಿರುಗುವ ಬೀಸುವ ಕಲ್ಲಿಗೆ ಗಢವಾಲದವರು ಘರಾಟ್ ಅನ್ನುತ್ತಾರೆ, ಕುಮಾವೂನ್ ಕಡೆಯವರು ಘಟ್ ಅನ್ನುತ್ತಾರೆ. ಅಲ್ಲಿಗೆ ಹೊರಟವರಿಗೆಲ್ಲ ನಾನು ಹೇಳುವುದು ಒಂದೇ ಮಾತು. ಹೋಗುವಾಗ ಐದು ಕಿಲೋ ರಾಗಿ ತೆಗೆದುಕೊಂಡು ಹೋಗಿ. ಮೊದಲು ಹಿಟ್ಟು ಮಾಡಿಸಿಕೊಳ್ಳಿ, ಆಮೇಲೆ ಫೋಟೋ.

ರಾಗಿ ಇಲ್ಲಿನ ಪೇಟೆಯಲ್ಲೇ ಸಿಗುತ್ತದೆ. ಮಂಡುವಾ ಎಂದು ಕೇಳಿದರೆ ಕೊಡುತ್ತಾರೆ, ಕೆಲವು ಕಡೆ ಕೋದಾ ಅನ್ನುತ್ತಾರೆ. ಹುರುಳಿಯೂ ಇದೆ, ಅದಕ್ಕೆ ಗಹತ್ ಎನ್ನುವುದು. ರಾಗಿ ಹಿಟ್ಟನ್ನು ಕುದಿಯುವ ನೀರಿಗೆ ಹಾಕಿ ತಿರುವಿ ಗಟ್ಟಿ ಮಾಡುವ ಬಾಡಿ, ಅದಕ್ಕೆ ನೆನೆಸಿದ ಹುರುಳಿ ರುಬ್ಬಿ ಮಾಡುವ ಫಾಣು. ಮುದ್ದೆ, ಹುರುಳಿ ಸಾರು ತಿಂದು ಬೆಳೆದವರಿಗೆ ಆ ತಟ್ಟೆಯ ಮುಂದೆ ಕೂತಾಗ ಏನನ್ನಿಸುತ್ತದೆ ಎಂದು ನಾನು ಬೇರೆ ಹೇಳಬೇಕಾಗಿಲ್ಲ.

ಘರಾಟ್ ಫೋಟೋ ತೆಗೆಯಲು ಹೋದವರಿಗೆ ಮೊದಲು ಆಗುವುದು ನಿರಾಸೆ. ಕ್ಯಾಲೆಂಡರ್‌ಗಳಲ್ಲಿ ನೋಡಿದಂಥ ದೊಡ್ಡ ನಿಂತ ಚಕ್ರ ಇಲ್ಲಿ ಇರುವುದಿಲ್ಲ. ಹೊರಗಿನಿಂದ ನೋಡಿದರೆ ಕಲ್ಲಿನ ಗೋಡೆ, ಚಪ್ಪಡಿ ಹೊದಿಸಿದ ತಗ್ಗು ಮಾಡು. ದನದ ಕೊಟ್ಟಿಗೆ ಅಂದುಕೊಂಡು ಮುಂದೆ ಹೋಗಿಬಿಡಬಹುದು. ಚಕ್ರ ಇರುವುದು ನೆಲದ ಕೆಳಗೆ, ಅದೂ ಮಲಗಿಸಿದ ಹಾಗೆ. ಮೇಲಿನ ಹಳ್ಳದಿಂದ ಬೆಟ್ಟದ ಮೈಗುಂಟ ಒಂದು ಸಣ್ಣ ಕಾಲುವೆ ಕಡಿದು ನೀರು ತಂದಿರುತ್ತಾರೆ. ಅದು ಗೂಲ್. ಮನೆಯ ಹಿಂದೆ ಬಂದಾಗ ಆ ನೀರು ಮರದ ದಿಮ್ಮಿ ಕೊರೆದು ಮಾಡಿದ ಕಡಿದಾದ ದೋಣಿಗೆ ಇಳಿಯುತ್ತದೆ. ದೋಣಿಯ ಬಾಯಿ ಕೆಳಗೆ ಹೋಗುತ್ತಾ ಕಿರಿದಾಗುತ್ತದೆ. ಅಲ್ಲಿಂದ ನುಗ್ಗಿದ ನೀರು ಮರದ ರೆಕ್ಕೆಗಳಿಗೆ ಬಡಿಯುತ್ತದೆ, ಚಕ್ರ ತಿರುಗುತ್ತದೆ, ಚಕ್ರದ ನಡುವಿನ ಕಂಬ ನೆಲ ತೂರಿ ಮೇಲೆ ಬಂದು ಮೇಲುಗಲ್ಲನ್ನು ತಿರುಗಿಸುತ್ತದೆ. ನಡುವೆ ಹಲ್ಲಿನ ಚಕ್ರ ಇಲ್ಲ, ಬೆಲ್ಟ್ ಇಲ್ಲ. ಕೆಳಗೆ ಒಂದು ಸುತ್ತು ಅಂದರೆ ಮೇಲೂ ಒಂದೇ ಸುತ್ತು. ಮಲೆನಾಡಿನಲ್ಲಿ ಅಬ್ಬಿ ನೀರನ್ನು ಅಡಿಕೆ ದಬ್ಬೆಯಲ್ಲಿ ಮನೆ ಬಾಗಿಲಿಗೆ ತರುವವರು ಇದನ್ನು ನೋಡಿದರೆ ಅರ್ಧ ಕೆಲಸ ಅವರಿಗೆ ಆಗಲೇ ಗೊತ್ತಿರುತ್ತದೆ.

ಒಳಗೆ ಹೋಗಿ ಕೂತರೆ ಕಣ್ಣು ಹೋಗಬೇಕಾದದ್ದು ಒಂದು ಪುಟ್ಟ ಕೋಲಿನ ಕಡೆ. ಕಾಳು ತುಂಬಿದ ಬುಟ್ಟಿ ಮೇಲಿಂದ ತೂಗುಬಿದ್ದಿರುತ್ತದೆ. ಬುಟ್ಟಿಯ ತುದಿಯ ಸಣ್ಣ ಬಾಯಿಗೆ ಈ ಕೋಲು ಕಟ್ಟಿರುತ್ತಾರೆ, ಕೋಲಿನ ಇನ್ನೊಂದು ತುದಿ ತಿರುಗುವ ಕಲ್ಲಿನ ಮೇಲೆ ಆನಿಕೊಂಡಿರುತ್ತದೆ. ಕಲ್ಲು ತಿರುಗಿದಂತೆ ಕೋಲು ಟಕಟಕ ಕುಣಿಯುತ್ತದೆ, ಕುಣಿದಂತೆ ಕಾಳು ಉದುರುತ್ತದೆ. ನೀರು ಜೋರಾದರೆ ಕಲ್ಲು ಜೋರು, ಕಾಳೂ ಜಾಸ್ತಿ. ನೀರು ಕಡಿಮೆಯಾದರೆ ಕಾಳೂ ಕಡಿಮೆ. ಯಾರೂ ಕೂತು ಸುರಿಯಬೇಕಾಗಿಲ್ಲ. ಹಿಟ್ಟು ನುಣ್ಣಗೆ ಬೇಕಾ, ತರಿ ಬೇಕಾ ಅನ್ನುವುದಕ್ಕೆ ಪಕ್ಕದಲ್ಲಿ ಒಂದು ಮರದ ಸನ್ನೆ ಇದೆ. ಅದನ್ನು ಎತ್ತಿದರೆ ಕಂಬದ ಜೊತೆ ಮೇಲುಗಲ್ಲು ಕೂದಲೆಳೆಯಷ್ಟು ಮೇಲೇಳುತ್ತದೆ. ಟೆಹ್ರಿ ಕಡೆಯ ಒಂದು ಘರಾಟ್‌ನಲ್ಲಿ ಅದನ್ನು ನಡೆಸುವ ಬೋಡಾಜಿ (ದೊಡ್ಡಪ್ಪನನ್ನು ಇಲ್ಲಿ ಹಾಗೆ ಕರೆಯುತ್ತಾರೆ) ಸನ್ನೆ ಮುಟ್ಟುವ ಮೊದಲು ಕಲ್ಲಿನ ಅಂಚಿನಿಂದ ಉದುರುವ ಹಿಟ್ಟನ್ನು ಹೆಬ್ಬೆರಳು, ತೋರುಬೆರಳ ನಡುವೆ ಉಜ್ಜಿ ನೋಡಿದರು. ಮತ್ತೆ ಉಜ್ಜಿದರು. ಆಮೇಲೆ ಸನ್ನೆಯ ಕೆಳಗೆ ತೆಳ್ಳಗಿನ ಒಂದು ಚಕ್ಕೆ ಸಿಕ್ಕಿಸಿದರು. ಅಷ್ಟೇ. ಆ ಬೆರಳುಗಳ ಫೋಟೋ ನನಗೆ ಸಿಕ್ಕಿದ್ದು, ನನ್ನ ಮಂಡುವಾ ಬೀಸುತ್ತಿದ್ದ ಕಾರಣಕ್ಕೆ. ಸುಮ್ನೆ ಫೋಟೋಗೆ ಅಂತ ಹೋಗಿದ್ದರೆ ಅವರು ಕಲ್ಲಿನ ಪಕ್ಕ ಕೈ ಕಟ್ಟಿ ನಿಂತು ಕ್ಯಾಮೆರಾ ನೋಡುತ್ತಿದ್ದರು.

ಈ ಘರಾಟ್ ಅವರ ಮನೆತನದ್ದು. ಅಜ್ಜನ ಕಾಲದಲ್ಲೂ ಇತ್ತು, ಅವರ ಅಜ್ಜನ ಕಾಲದಲ್ಲೂ ಇತ್ತು ಅನ್ನುತ್ತಾರೆ. ಸವೆದ ಹಳೆಯ ಕಲ್ಲುಗಳು ಅಂಗಳದಲ್ಲೇ ಕೂರುವ ಜಗುಲಿಯಾಗಿವೆ. ಬೀಸುವುದಕ್ಕೆ ದುಡ್ಡು ಕೊಡುವವರೂ ಇದ್ದಾರೆ, ಆದರೆ ಹಳೆಯ ಕ್ರಮ ಬೇರೆ. ಬೀಸಿದ ಹಿಟ್ಟಿನಲ್ಲೇ ಒಂದು ಪಾಲು ತೆಗೆದುಕೊಳ್ಳುವುದು. ನಮ್ಮಲ್ಲಿ ಕಮ್ಮಾರ, ಬಡಗಿ, ಮಡಿವಾಳರಿಗೆ ಸುಗ್ಗಿಯಲ್ಲಿ ಕಣದಿಂದಲೇ ಆಯ ಅಳೆದು ಕೊಡುತ್ತಿದ್ದರಲ್ಲ, ಅದೇ ಲೆಕ್ಕ. ನಮ್ಮ ಕಡೆ ಆ ಪದ್ಧತಿ ಹೆಚ್ಚುಕಡಿಮೆ ಹೋಯಿತು. ಅದರ ಜೊತೆಗಿದ್ದ ಮೇಲುಕೀಳು ಹೋಗಬೇಕಾದದ್ದೇ, ಅದಕ್ಕೆ ನನಗೆ ಬೇಸರವಿಲ್ಲ. ಆದರೆ ಇಲ್ಲಿ ಚೀಲದಿಂದ ಬೊಗಸೆಯಲ್ಲಿ ಹಿಟ್ಟು ತೆಗೆದು ತಮ್ಮ ಡಬ್ಬಕ್ಕೆ ಹಾಕಿಕೊಳ್ಳುವಾಗ, ಕೊಡುವವರು ಆ ಕಡೆ ನೋಡುವುದೂ ಇಲ್ಲ. ಎಷ್ಟು ತೆಗೆದರು ಎಂದು ಯಾರೂ ಕೇಳುವುದಿಲ್ಲ. ಆ ನಂಬಿಕೆ ನನಗೆ ಬಹಳ ಹಿಡಿಸಿತು.

ಅದಕ್ಕೇ ಹೇಳುವುದು, ಫೋಟೋಗೆ ನೂರು ರೂಪಾಯಿ ನೋಟು ಚಾಚಬೇಡಿ ಎಂದು. ಬೇಲೂರು, ಹಂಪಿಗೆ ಹೋದಂತೆ ಇಲ್ಲಿಗೆ ಬರುವುದು ಸರಿಯಲ್ಲ. ಅವು ಕಾವಲಿರುವ, ಫಲಕವಿರುವ ಜಾಗಗಳು. ಘರಾಟ್ ಒಂದು ಮನೆಯವರ ದುಡಿಮೆ. ಊರಿನ ಹೆಂಗಸರು ತಲೆ ಮೇಲೆ ಗೋಧಿ ಹೊತ್ತು ಇಳಿದು ಬಂದಿರುತ್ತಾರೆ, ಸಂಜೆಯೊಳಗೆ ಹತ್ತಿ ಹೋಗಬೇಕು. ಹೊರಗಿನಿಂದ ಬಂದ ಒಂದು ಗುಂಪು ನೀರಿನ ದೋಣಿ ಸರಿಸಿ ಕಲ್ಲು ನಿಲ್ಲಿಸಿ, ಮತ್ತೆ ಶುರು ಮಾಡಿ, ವಿಡಿಯೋ ಸರಿಬರಲಿಲ್ಲ ಎಂದು ಮತ್ತೆ ನಿಲ್ಲಿಸಿ ಎಂದು ಹೇಳಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಬಾಗಿಲಲ್ಲಿ ಮೂಟೆ ಇಳಿಸಿದ್ದ ಒಬ್ಬ ದೀದಿಗೆ, ಮತ್ತೊಮ್ಮೆ ಹೊತ್ತು ನಡೆದು ಬನ್ನಿ ಅಂದರು. ಆಕೆ ಹೊತ್ತು ನಡೆದರು ಕೂಡ. ನನಗೆ ಮೈಯೆಲ್ಲ ಉರಿಯಿತು. ಅತಿಥಿ ಕೇಳಿದರೆ ಇಲ್ಲ ಅನ್ನದ ಜನ ಇವರು. ಇಲ್ಲ ಅನ್ನದವರ ಹತ್ತಿರ ಏನು ಕೇಳಬೇಕು ಅನ್ನುವ ವಿವೇಕ ಕೇಳುವವರಿಗೆ ಇರಬೇಕು, ಅಲ್ವಾ?

ಗೂಲ್‌ನ ಅಂಚಿನ ಮೇಲೂ ಕಾಲಿಡಬಾರದು. ನೋಡಲು ಅದು ಬರೀ ಮಣ್ಣು, ಕಲ್ಲು. ಒಂದು ಕಡೆ ಕುಸಿದರೆ ಬೀಸುವ ಕಲ್ಲು ನಿಲ್ಲುತ್ತದೆ, ಕೆಳಗಿನ ಗದ್ದೆಗೂ ನೀರಿಲ್ಲ. ಘರಾಟ್ ನೀರನ್ನು ಖರ್ಚು ಮಾಡುವುದಿಲ್ಲ, ತಿರುಗಿಸಿಕೊಂಡು ಕೆಳಗೆ ಬಿಟ್ಟುಬಿಡುತ್ತದೆ. ಅದೇ ನೀರು ಮುಂದೆ ಗದ್ದೆಗೋ ಇನ್ನೊಂದು ಘರಾಟ್‌ಗೋ ಹೋಗುತ್ತದೆ.

ಇನ್ನು ಊರಿನ ಜೊತೆ ಹೋಲಿಕೆ. ಬೀಸುವ ಕಲ್ಲನ್ನು ನೆನೆದರೆ ಕನ್ನಡಿಗರಿಗೆ ಬೀಸುವ ಪದ ನೆನಪಾಗುತ್ತದೆ. ಕೋಳಿ ಕೂಗುವ ಮೊದಲು ಎದ್ದು ಬೀಸಿದ ಹೆಂಗಸರು ಕಟ್ಟಿದ ತ್ರಿಪದಿಗಳು ನಮ್ಮ ದೊಡ್ಡ ಆಸ್ತಿ, ನಿಜ. ಆದರೆ ಆ ಕಲ್ಲು ತಿರುಗಿಸಿದ್ದು ಅವರ ರಟ್ಟೆ. ಗಿರಣಿ ಬಂದ ದಿನ ಅವರಿಗೆ ಬಿಡುಗಡೆಯೇ ಆಯಿತು. ಇಲ್ಲಿನ ಬೆಟ್ಟದಲ್ಲಿ ಆ ಭಾರದ ಒಂದಷ್ಟನ್ನು ಹಳ್ಳ ಹೊತ್ತಿತು. ಹೆಂಗಸರಿಗೆ ಉಳಿದದ್ದು ಹೊತ್ತು ತರುವ, ಹೊತ್ತು ಹೋಗುವ ಕಷ್ಟ, ಅದೇನೂ ಸಣ್ಣದಲ್ಲ. ನಮ್ಮ ಬೀಸುವ ಕಲ್ಲುಗಳು ಈಗ ರೆಸಾರ್ಟ್‌ಗಳ ಹುಲ್ಲುಹಾಸಿನ ಮೇಲೆ ಹೂಕುಂಡದ ಪಕ್ಕ ಕೂತಿವೆ. ಅದನ್ನು ನೋಡಿದಾಗೆಲ್ಲ ನನಗೆ ಸಂಕಟವಾಗುತ್ತದೆ. ಹಾಗಂತ ಹಳೆಯದಕ್ಕೆ ಹೋಗಿ ಎಂದು ನಾನು ಯಾರಿಗೂ ಹೇಳಲಾರೆ.

ಒಂದು ವಿಷಯದಲ್ಲಿ ನಾವು ಇವರಿಗಿಂತ ಮುಂದಿದ್ದೇವೆ. ದೇಶದಲ್ಲಿ ರಾಗಿ ಅತಿ ಹೆಚ್ಚು ಬೆಳೆಯುವುದು ಕರ್ನಾಟಕ. ಮುದ್ದೆ ಊಟವನ್ನು ನಾವು ನಾಚಿಕೆಯಿಲ್ಲದೆ, ಹೆಮ್ಮೆಯಿಂದ ಬಡಿಸುತ್ತೇವೆ. ಇಲ್ಲಿ ಮಂಡುವಾ ಬಡವರ ಊಟ ಎಂದು ಬಹಳ ಕಾಲ ಮೂಗು ಮುರಿದರು. ವಿಚಿತ್ರ ಅಂದರೆ, 1994ರ ಪ್ರತ್ಯೇಕ ಉತ್ತರಾಖಂಡ ರಾಜ್ಯ ಚಳವಳಿಯ ಘೋಷಣೆಯಲ್ಲೇ ರಾಗಿ ಇತ್ತು. ಕೋದಾ, ಝಂಗೋರಾ (ಊದಲು) ತಿಂದುಕೊಂಡಿದ್ದರೂ ಸರಿ, ನಮ್ಮ ರಾಜ್ಯ ಕಟ್ಟುತ್ತೇವೆ ಎಂದು ಜನ ಕೂಗಿದರು. 2000ದ ನವೆಂಬರ್‌ನಲ್ಲಿ ರಾಜ್ಯವೂ ಬಂತು. ಆಮೇಲೆ ತಟ್ಟೆಯಲ್ಲಿ ಗೋಧಿ, ಅಕ್ಕಿಯೇ ಜಾಸ್ತಿಯಾಯಿತು. 2023ರಲ್ಲಿ ಉತ್ತರಾಖಂಡದ ಮಂಡುವಾಕ್ಕೆ ಜಿಐ ಟ್ಯಾಗ್ ಸಿಕ್ಕಿತು, ಪೇಟೆಯಲ್ಲಿ ಈಗ ಬೇಡಿಕೆ ಏರುತ್ತಿದೆ. ನಮ್ಮಲ್ಲಿ ಕಾಳು ಉಳಿಯಿತು, ಕಲ್ಲು ಹೋಯಿತು. ಇಲ್ಲಿ ಕಲ್ಲು ಅಲ್ಲಲ್ಲಿ ಇನ್ನೂ ಇದೆ, ಬೀಸಲು ಕಾಳು ತರುವವರು ಕಡಿಮೆ.

ಯಾಕೆ ಕಡಿಮೆ ಅಂದರೆ ಊರುಗಳೇ ಖಾಲಿಯಾಗುತ್ತಿವೆ. 2011ರ ಜನಗಣತಿಯಲ್ಲೇ ಈ ರಾಜ್ಯದಲ್ಲಿ ಜನವಸತಿ ಇಲ್ಲದ ಹಳ್ಳಿಗಳು ಸಾವಿರ ದಾಟಿದ್ದವು. ಉಳಿದ ಕಡೆ ರಸ್ತೆ ಪಕ್ಕದ ಕರೆಂಟ್ ಗಿರಣಿ ಹತ್ತಿರ, ಬೇಗ. ಅದಕ್ಕಿಂತ ದೊಡ್ಡ ಪೆಟ್ಟು ನೀರಿನದು. ಹಿಮಾಲಯದ ಒರತೆಗಳು ಒಂದೊಂದಾಗಿ ಬತ್ತುತ್ತಿವೆ ಎಂದು ನೀತಿ ಆಯೋಗವೇ 2018ರ ವರದಿಯಲ್ಲಿ ಎಚ್ಚರಿಸಿತ್ತು. ಒರತೆ ಬತ್ತಿದರೆ ಹಳ್ಳ ಸೊರಗುತ್ತದೆ. ಡೆಹ್ರಾಡೂನ್‌ನ ಹೆಸ್ಕೋ ಸಂಸ್ಥೆ ಘರಾಟ್‌ಗಳ ಪರವಾಗಿ ವರ್ಷಗಟ್ಟಲೆ ಕೆಲಸ ಮಾಡಿದೆ. ಅದನ್ನು ಕಟ್ಟಿದ ಅನಿಲ್ ಪ್ರಕಾಶ್ ಜೋಶಿ ಅವರಿಗೆ 2020ರಲ್ಲಿ ಪದ್ಮಭೂಷಣ ಬಂತು. ಮರದ ರೆಕ್ಕೆಯ ಬದಲು ಲೋಹದ ಚಕ್ರ, ಬಾಲ್ ಬೇರಿಂಗ್ ಹಾಕಿದರೆ ಅದೇ ನೀರಿನಲ್ಲಿ ಹೆಚ್ಚು ಹಿಟ್ಟು ಬೀಸಬಹುದು, ಸಂಜೆ ಹೊತ್ತು ಒಂದಿಷ್ಟು ಕರೆಂಟೂ ಮಾಡಿಕೊಳ್ಳಬಹುದು. ಹಳೆಯ ಅಂದ ಹೋಯಿತು ಎಂದು ಕೆಲವು ಫೋಟೋಗ್ರಾಫರ್‌ಗಳು ಇದಕ್ಕೆ ಮುಖ ಸಿಂಡರಿಸುತ್ತಾರೆ. ನನಗೆ ಆ ಮಾತು ಒಪ್ಪಿಗೆಯಿಲ್ಲ. ನಮ್ಮ ಫ್ರೇಮ್ ಚೆನ್ನಾಗಿರಲಿ ಎಂದು ಇನ್ನೊಬ್ಬರು ಕಡಿಮೆ ಬೀಸಬೇಕೇ? ಸೆಲ್ಫಿ ಪಾಯಿಂಟ್ ಮಾಡಿ ಉಳಿಸಿ ಅನ್ನುವ ಸಲಹೆಯೂ ನನಗೆ ಹಿಡಿಸುವುದಿಲ್ಲ. ಕಾಳು ಬೀಳದೆ ಬರೀ ಕಲ್ಲು ತಿರುಗಿದರೆ ಕಲ್ಲಿಗೆ ಕಲ್ಲು ಉಜ್ಜಿ ಸವೆಯುತ್ತದೆ, ಅಷ್ಟೇ.

ಹೋಗುವವರಿಗೆ ಇನ್ನೊಂದಿಷ್ಟು. ಮಳೆಗಾಲದಲ್ಲಿ ರಸ್ತೆ ಕುಸಿಯುತ್ತದೆ, ಹಳ್ಳ ಕೆರಳಿರುತ್ತದೆ, ಬೇಡ. ಅಕ್ಟೋಬರ್, ನವೆಂಬರ್‌ನಲ್ಲಿ ಹಳ್ಳದಲ್ಲಿ ಇನ್ನೂ ನೀರಿರುತ್ತದೆ, ಹೊಸ ಮಂಡುವಾ ಮನೆಗೆ ಬಂದಿರುತ್ತದೆ. ಒಳಗೆ ಬಾಗಿಲಿನ ಬೆಳಕು ಬಿಟ್ಟರೆ ಕತ್ತಲೆ. ಫ್ಲಾಶ್ ಹಾಕಿದರೆ ಗಾಳಿಯಲ್ಲಿರುವ ಹಿಟ್ಟಿನ ಕಣಗಳೇ ಬಿಳಿ ಚುಕ್ಕೆಗಳಾಗಿ ಚಿತ್ರ ಕೆಡುತ್ತದೆ, ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಸ್ಪಂದಿಸಬೇಕು ಅನ್ನುವ ಅಳತೆ) ಏರಿಸಿಕೊಳ್ಳುವುದೇ ಒಳ್ಳೆಯದು. ಒಳಗೆ ಲೆನ್ಸ್ ಬದಲಿಸಬೇಡಿ. ನನಗೆ ಬಹಳ ಇಷ್ಟದ ಬೆಳಕು ಬೆಳಗಿನದು. ಆಗ ಬಾಗಿಲಿನಿಂದ ಬಂದ ಬಿಸಿಲು ಜೇಡರ ಬಲೆಗಳ ಮೇಲೆ ಬೀಳುತ್ತದೆ, ಹಿಟ್ಟು ಕೂತು ಆ ಬಲೆಗಳು ದಪ್ಪ ದಾರದ ಹಾಗೆ ಕಾಣುತ್ತವೆ. ಕೆಳಗಿನ ಚಕ್ರ ತೆಗೆಯಬೇಕಾದರೆ ಹೊರಗಿನಿಂದ ಬಗ್ಗಿ, ಮನೆಯವರನ್ನು ಕೇಳಿಯೇ ಹೋಗಬೇಕು. ಕಲ್ಲು ಪಾಚಿ ಹಿಡಿದಿರುತ್ತದೆ.

ತೆಗೆದ ಫೋಟೋದಲ್ಲಿ ಒಂದೆರಡನ್ನು ಪ್ರಿಂಟ್ ಹಾಕಿಸಿ ಆ ಮನೆಗೆ ತಲುಪಿಸಿ. ಫೋನಿಗೆ ಕಳಿಸಿದರೆ ಸಾಲದು. ಬೋಡಾಜಿ ಮನೆಯ ಬೋಡಿ (ದೊಡ್ಡಮ್ಮ) ನನ್ನನ್ನು ಕೇಳಿದ್ದು ಕಲ್ಲಿನ ಫೋಟೋ ಅಲ್ಲ, ಚಕ್ರದ್ದೂ ಅಲ್ಲ. ಹೊಸ ಸೀರೆ ಉಟ್ಟು ಬರುತ್ತೇನೆ, ಇಬ್ಬರನ್ನೂ ಅಂಗಳದಲ್ಲಿ ನಿಲ್ಲಿಸಿ ಒಂದು ತೆಗೆದು ಕೊಡು ಅಂದರು. ಅದನ್ನೇ ದೊಡ್ಡದಾಗಿ ಹಾಕಿಸಿ ಕೊಟ್ಟಿದ್ದೇನೆ.