ದೋಸೆ ಹಿಟ್ಟಿಗೆ ಯಾವ ಕಾರು ಒಳ್ಳೆಯದು?

ಇಟಲಿ ಕಾರು ಮೇಲೋ ಅಮೆರಿಕದ್ದು ಮೇಲೋ ಅನ್ನುವ ಜಗಳದಲ್ಲಿ ನನಗೂ ಬಾಯಿ ಹಾಕುವ ಹಕ್ಕಿದೆ. ಎರಡರಲ್ಲೂ ಮಾನ ಕಳೆದುಕೊಂಡಿದ್ದೇನೆ.

ಮೊದಲು ಫೆರಾರಿ. ಅದರ ಕಾರ್ಖಾನೆ ಇರುವುದು ಇಟಲಿಯ ಮರಾನೆಲ್ಲೊ ಅನ್ನುವ ಪುಟ್ಟ ಊರಲ್ಲಿ. ಅಲ್ಲಿನ ಮ್ಯೂಸಿಯಂ ಹತ್ತಿರ ಫೆರಾರಿಯನ್ನು ಹತ್ತು ನಿಮಿಷದ ಲೆಕ್ಕದಲ್ಲಿ ಓಡಿಸಲು ಕೊಡುವ ಅಂಗಡಿಗಳಿವೆ. ಪಕ್ಕದಲ್ಲಿ ಅವರ ಕಡೆಯವನೊಬ್ಬ ಕೂರುತ್ತಾನೆ. ನನಗೆ ಸಿಕ್ಕಿದ್ದು 458 ಅನ್ನುವ ಕೆಂಪು ಮಾಡೆಲ್. ಅದರ 4.5 ಲೀಟರ್ ಎಂಜಿನ್ ನಿಮಿಷಕ್ಕೆ 9000 ಸುತ್ತಿನ ತನಕ ಕಿರುಚಬಲ್ಲದು. ಊರೊಳಗಿನ ಮಿತಿ ಮಾತ್ರ ಗಂಟೆಗೆ 50 ಕಿಲೋಮೀಟರ್. ಪಟ್ಟದ ಆನೆ ಹತ್ತಿ ಸಂದಿಯಲ್ಲಿ ಹೋದ ಹಾಗೆ.

ಎಡಕ್ಕೆ ತಿರುಗಬೇಕಿತ್ತು. ಅಭ್ಯಾಸಬಲ, ಇಂಡಿಕೇಟರ್ ಕಡ್ಡಿಗೆ ಕೈ ಹಾಕಿದೆ. ಈ ಕಾರಲ್ಲಿ ಆ ಕಡ್ಡಿಯೇ ಇಲ್ಲ, ಎಲ್ಲ ಸ್ಟೇರಿಂಗ್ ಮೇಲಿನ ಗುಂಡಿಗಳು. ನಾನು ಎಳೆದಿದ್ದು ಸ್ಟೇರಿಂಗ್ ಹಿಂದಿನ ಗೇರ್ ಇಳಿಸುವ ಪ್ಯಾಡಲ್! ಕಾರು ಅಬ್ಬರಿಸಿತು. ರಸ್ತೆ ಬದಿ ಕಾಫಿ ಕುಡಿಯುತ್ತಿದ್ದ ಅಜ್ಜಂದಿರು ಕಪ್ಪು ಕೆಳಗಿಟ್ಟು ನೋಡಿದರು. ಗಾಬರಿಯಲ್ಲಿ ಕೈಗೆ ಸಿಕ್ಕಿದ್ದನ್ನು ಒತ್ತಿದೆ. ಸುಡು ಬಿಸಿಲಲ್ಲಿ ವೈಪರ್ ಶುರುವಾಯಿತು. ಪಕ್ಕದವನು ಏನೂ ಅನ್ನಲಿಲ್ಲ, ಕೈ ಚಾಚಿ ನಿಲ್ಲಿಸಿದ. ದಿನಾ ನನ್ನಂಥ ಎಷ್ಟು ಜನರನ್ನು ನೋಡುತ್ತಾನೋ, ಪಾಪ.

ಇನ್ನು ಕಾರ್ವೆಟ್, ಅಮೆರಿಕದ ಶೆವರ್ಲೆ ಕಂಪನಿಯ ಸ್ಪೋರ್ಟ್ಸ್ ಕಾರು. ನಾವಿರುವುದು ಡೆಟ್ರಾಯಿಟ್ ಹತ್ತಿರ. ಮದುವೆಯಾಗಿ ಹದಿನೈದು ವರ್ಷವಾಯಿತು ಅಂತ ಅಕ್ಟೋಬರ್‌ನಲ್ಲಿ ಒಂದನ್ನು ಬಾಡಿಗೆಗೆ ತಂದೆ. 1953ರಿಂದ ಈ ಕಾರಿನ ಎಂಜಿನ್ ಮುಂದೆಯೇ ಇತ್ತು. 2020ರ ಮಾಡೆಲ್‌ನಿಂದ 458ರ ತರಹವೇ ಸೀಟಿನ ಹಿಂದಕ್ಕೆ ಬಂದಿದೆ. ನಾನು ತಂದಿದ್ದರಲ್ಲಿ ಇದ್ದದ್ದು 6.2 ಲೀಟರ್ ವಿ8 ಎಂಜಿನ್, ಕಿರುಚುವ ಜಾತಿಯಲ್ಲ. ಹಜಾರದಲ್ಲಿ ಕೂತು ಗಂಟಲು ಸರಿಮಾಡಿಕೊಳ್ಳುವ ಮಾವನ ಹಾಗೆ ಗುಡುಗುತ್ತದೆ. ಡ್ರೈವರ್‌ಗೂ ಪಕ್ಕದವರಿಗೂ ನಡುವೆ ಎಸಿ, ಸೀಟು ಬಿಸಿ ಮಾಡುವ ಗುಂಡಿಗಳ ಉದ್ದನೆ ಗೋಡೆ ಇತ್ತು. ವಾರ್ಷಿಕೋತ್ಸವಕ್ಕೆ ಹೇಳಿ ಮಾಡಿಸಿದ ಕಾರು, ಅಲ್ವಾ? ಹೆಂಡತಿಯ ಸೀಟು ಕಾದಿದ್ದು ನನ್ನ ಮೊಣಕೈಯಿಂದ ಅಂತ ಗೊತ್ತಾಗುವಷ್ಟರಲ್ಲಿ ಅರ್ಧ ದಾರಿ ಮುಗಿದಿತ್ತು.

ಹೊರಟಿದ್ದು ಶಿಕಾಗೋದ ಸ್ನೇಹಿತನ ಮನೆಗೆ, ಸುಮಾರು 450 ಕಿಲೋಮೀಟರ್. ಹಿಂದಿನ ರಾತ್ರಿ ರುಬ್ಬಿದ ದೋಸೆ ಹಿಟ್ಟು ಜೊತೆಗಿತ್ತು. ಓವನ್ ಒಳಗೆ ದೀಪ ಹಾಕಿಟ್ಟರೂ ಚಳಿಗೆ ಒಂದಿಂಚೂ ಉಬ್ಬಿರಲಿಲ್ಲ. ಡಬ್ಬಿಯನ್ನು ಹಿಂದಿನ ಡಿಕ್ಕಿಯಲ್ಲಿಟ್ಟೆ. ಮೂತಿಯಲ್ಲಿ ಇನ್ನೊಂದು ತಣ್ಣನೆ ಡಿಕ್ಕಿ ಇತ್ತು. ಆದರೆ ಎಂಜಿನ್ ಎಲ್ಲಿದೆ ಅಂತ ಯಾರಿಗೆ ನೆನಪಿತ್ತು?

"ರೀ, ಏನೋ ಹುಳಿ ವಾಸನೆ."

ಡಿಕ್ಕಿ ತೆಗೆದರೆ ಮುಚ್ಚಳ ಒಂದು ಕಡೆ, ಹಿಟ್ಟು ಕಾರ್ಪೆಟ್ ತುಂಬಾ. ಡಬ್ಬಿಯಲ್ಲಿ ಉಳಿದಿದ್ದರಲ್ಲಿ ಹನ್ನೆರಡು ದೋಸೆಯಾಯಿತು. ಅಷ್ಟು ಚೆನ್ನಾಗಿ ತೂತು ಬಿದ್ದ ದೋಸೆ ಅಮೆರಿಕಕ್ಕೆ ಬಂದಮೇಲೆ ತಿಂದಿರಲಿಲ್ಲ.

ಮೂರು ಸಲ ಒರೆಸಿ, ಸೆಂಟು ಹೊಡೆದು ಕಾರು ವಾಪಸ್ ಕೊಡಲು ಹೋದೆವು. ಅಲ್ಲಿದ್ದ ಹುಡುಗ ಡಿಕ್ಕಿಗೆ ಮೂಗು ತೂರಿಸಿ ನಮ್ಮ ಮುಖ ನೋಡಿದ. ನಾನು ಬೂಟು ನೋಡಿಕೊಂಡೆ.

"ಸೋರ್‌ಡೋ" ಅಂದಳು ನನ್ನ ಹೆಂಡತಿ, ಇಲ್ಲಿನವರ ಹುಳಿ ಹಿಟ್ಟಿನ ಬ್ರೆಡ್ಡಿನ ಹೆಸರು ಹಿಡಿದು.

ಅವನು ತಲೆಯಾಡಿಸಿ ರಸೀದಿ ಕೊಟ್ಟ.