ಹಳೇ ಕಾರಿನಲ್ಲಿ ಒಂದು ತಾಳಮದ್ದಳೆ ಕೇಳೋಕೆ ಇಷ್ಟು ಗೋಳಾ?

ಫೋನಿನಿಂದ ಹೆಡ್‌ಫೋನ್ ಜಾಕ್ ಕಿತ್ತು ಹಾಕಿದವರ ಮೇಲೆ ನನಗಿರುವ ಸಿಟ್ಟು ಇವತ್ತಿನದಲ್ಲ. ಆದರೆ ಈ ಸಲ ಊರಿಗೆ ಹೋಗಿ ಬಂದ ಮೇಲೆ ತಡೆದುಕೊಳ್ಳೋಕೆ ಆಗುತ್ತಿಲ್ಲ. ಬರೆದೇ ಬಿಡುತ್ತೇನೆ.

ನನ್ನದು 2010ರ ಕಾರು. ಚಿಕ್ಕದು. ಎಂಜಿನ್ ಚೆನ್ನಾಗಿದೆ, ಎಸಿ ಚೆನ್ನಾಗಿದೆ, ನಾಲ್ಕೂ ಬಾಗಿಲಿನ ಸ್ಪೀಕರ್ ಚೆನ್ನಾಗಿವೆ. ಕಾರಿನ ಜೊತೆಗೇ ಬಂದ ಸ್ಟೀರಿಯೋ ಇನ್ನೂ ಗಟ್ಟಿಯಾಗಿದೆ. ಸಿಡಿ ಹಾಕಬಹುದು, ಪೆನ್ ಡ್ರೈವ್ ಹಾಕಬಹುದು, ಹೊರಗಿನಿಂದ ವೈರಿನಲ್ಲಿ ಶಬ್ದ ಕೊಡುವ ಆಕ್ಸ್ ತೂತೂ ಇದೆ. ಬ್ಲೂಟೂತ್ ಮಾತ್ರ ಇಲ್ಲ. ಅದು ಬೇಕಾಗಿಯೂ ಇರಲಿಲ್ಲ. ಮೊದಲಿನ ಫೋನಿಗೆ ಜಾಕ್ ಇತ್ತು. ಒಂದು ವೈರು, ಎರಡು ತುದಿ. ಚುಚ್ಚಿದರೆ ಕೇಳುತ್ತಿತ್ತು. ಆ ಫೋನಿನ ಬ್ಯಾಟರಿ ಉಬ್ಬಿಕೊಂಡಿತು, ಹೊಸದು ತೆಗೆದುಕೊಂಡೆ. ಅದರಲ್ಲಿ ಇರುವುದು ಟೈಪ್-ಸಿ ತೂತು ಒಂದೇ.

ಹಾಡಿಗೋಸ್ಕರ ಇಷ್ಟು ರಂಪ ಯಾಕೆ ಅಂತ ಕೇಳಬೇಡಿ. ನಮ್ಮ ಅಪ್ಪನಿಗೆ ತಾಳಮದ್ದಳೆ ಅಂದರೆ ಜೀವ. ಬೆಂಗಳೂರಿನಿಂದ ಪುತ್ತೂರಿಗೆ ಹೊರಟರೆ ದಾರಿಯುದ್ದಕ್ಕೂ ಅದೇ ಬೇಕು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಯಕ್ಷಗಾನದ್ದೇ ಪ್ರಸಂಗ, ಆದರೆ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿಗಳು ಕೂತಲ್ಲೇ ಮಾತಾಡುತ್ತಾರೆ. ಇರುವುದೆಲ್ಲ ಮಾತಿನಲ್ಲೇ. ಬಾಣ ತಾಗಿ ಬಿದ್ದ ವಾಲಿ ರಾಮನನ್ನು ಪ್ರಶ್ನೆ ಮಾಡುವ ಜಾಗದಲ್ಲಿ ಒಂದು ವಾಕ್ಯ ತಪ್ಪಿಹೋದರೆ, ಆಮೇಲೆ ರಾಮ ಕೊಡುವ ಉತ್ತರದ ಪೆಟ್ಟೇ ಗೊತ್ತಾಗುವುದಿಲ್ಲ. ಸಿನಿಮಾ ಹಾಡಾದರೆ ಗೊರಗೊರ ಅಂದರೂ ನಡೆದೀತು. ಇದು ನಡೆಯಲ್ಲ. ಅಪ್ಪನಿಗೆ ಕಿವಿ ಸ್ವಲ್ಪ ಮಂದ ಬೇರೆ. ಫೋನಿನ ಸ್ಪೀಕರ್‌ನಲ್ಲೇ ಹಾಕಿದರೆ ಎಂಜಿನ್ ಸದ್ದಿನಲ್ಲಿ ಏನೂ ಕೇಳಿಸುವುದಿಲ್ಲ. ಇಯರ್‌ಬಡ್ ಹಾಕಿಕೊಳ್ಳಲಿ ಅಂತೀರಾ? ಅಪ್ಪ ಒಬ್ಬರೇ ಕೇಳುವುದಲ್ಲ ಅದು. ಅಮ್ಮ, ನಾನು, ಅಪ್ಪ ಎಲ್ಲ ಸೇರಿ ಕೇಳಿ, ನಡುವೆ ನಿಲ್ಲಿಸಿ, ಆ ಅರ್ಥ ಸರಿಯಾ ತಪ್ಪಾ ಅಂತ ಚರ್ಚೆ ಮಾಡುವುದರಲ್ಲೇ ಸುಖ ಇರುವುದು.

ಮೊದಲು ಡಾಂಗಲ್ ಕಥೆ. ಒಂದು ಕಡೆ ಟೈಪ್-ಸಿ, ಇನ್ನೊಂದು ಕಡೆ ಜಾಕ್. ಅಂಗಡಿಯವನು "ಎಲ್ಲಾ ಫೋನಿಗೂ ಆಗುತ್ತೆ ಸಾರ್" ಅಂದ. ಆಗಲಿಲ್ಲ. ಯಾಕೆ ಆಗಲಿಲ್ಲ ಅಂತ ತಿಳಿಯೋಕೆ ನಾನೇ ಓದಿ ಹುಡುಕಬೇಕಾಯಿತು. ಕೆಲವು ಫೋನುಗಳು ಆ ತೂತಿನಿಂದ ಅನಲಾಗ್ ಸಿಗ್ನಲ್ ಅನ್ನೇ ಹೊರಗೆ ಬಿಡುತ್ತವೆ. ಅವುಗಳಿಗೆ ಬರೀ ವೈರು ಜೋಡಿಸಿದ ಅಗ್ಗದ ಡಾಂಗಲ್ ಸಾಕು. ಇನ್ನು ಕೆಲವು ಡಿಜಿಟಲ್ ಮಾತ್ರ ಬಿಡುತ್ತವೆ. ಅವುಗಳಿಗೆ ಡಾಂಗಲ್ ಒಳಗೇ ಡ್ಯಾಕ್ ಅನ್ನುವ ಚಿಪ್ ಇರಬೇಕು, ಡಿಜಿಟಲ್ ಅನ್ನು ಶಬ್ದದ ಸಿಗ್ನಲ್ ಮಾಡಲು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ. ಅದೇ ಬಿಳಿ ಬಣ್ಣ, ಅಷ್ಟೇ ಉದ್ದ. ನಾನು ತಂದ ಪ್ಯಾಕೆಟ್ ಮೇಲೆ ಒಳಗೆ ಚಿಪ್ ಇದೆಯೋ ಇಲ್ಲವೋ ಅಂತ ಒಂದಕ್ಷರ ಇರಲಿಲ್ಲ. ಪ್ಯಾಕೆಟ್ ಒಡೆದ ಮೇಲೆ ವಾಪಸ್ ತಗೊಳ್ಳಲ್ಲ ಅಂತ ಬೋರ್ಡ್ ಬೇರೆ. ಒಡೆಯದೆ ಪರೀಕ್ಷೆ ಮಾಡುವುದು ಹೇಗೆ ಸ್ವಾಮಿ?

ಆಮೇಲೆ ಚಿಪ್ ಇರುವ ಡಾಂಗಲ್ ಹುಡುಕಿ ತಂದೆ. ಶಬ್ದ ಬಂತು. ಆದರೆ ಫೋನಿಗೆ ತೂತು ಒಂದೇ! ಡಾಂಗಲ್ ಹಾಕಿದರೆ ಚಾರ್ಜ್ ಇಲ್ಲ. ಮ್ಯಾಪ್, ತಾಳಮದ್ದಳೆ ಎರಡೂ ಓಡುತ್ತಿದ್ದರೆ ಸಕಲೇಶಪುರ ತಲುಪುವ ಹೊತ್ತಿಗೆ ಫೋನ್ ಸಾಯಲು ಬಂದಿರುತ್ತದೆ. ಅದಕ್ಕೂ ಒಂದು ಜೋಡಿ ತೂತಿನ ಡಾಂಗಲ್ ಸಿಗುತ್ತದೆ, ಚಾರ್ಜೂ ಆಗುತ್ತದೆ, ಶಬ್ದವೂ ಬರುತ್ತದೆ. ಅದನ್ನೂ ತಂದೆ. ಚಾರ್ಜರ್ ಸಿಕ್ಕಿಸಿದ ಕೂಡಲೇ ಸ್ಪೀಕರ್‌ನಿಂದ ಕುಂಯ್ ಅಂತ ಶುರು. ಆಕ್ಸಿಲರೇಟರ್ ಒತ್ತಿದಷ್ಟೂ ಆ ಸದ್ದು ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ಎಂಜಿನ್ ಜೊತೆ ತಿರುಗಿ ಕರೆಂಟ್ ಮಾಡುವ ಆಲ್ಟರ್ನೇಟರ್ ಇದೆಯಲ್ಲ, ಅದರ ಸದ್ದು ಅದು. ಚಾರ್ಜರಿನ ದಾರಿಯಲ್ಲಿ ಒಂದು ಗ್ರೌಂಡ್ (ಕರೆಂಟ್ ವಾಪಸ್ ಹೋಗುವ ದಾರಿ), ಆಕ್ಸ್ ವೈರಿನ ದಾರಿಯಲ್ಲಿ ಇನ್ನೊಂದು ಗ್ರೌಂಡ್. ಎರಡೂ ಸೇರಿ ಸುತ್ತು ಹಾಕಿಕೊಂಡು ಆ ಗಲೀಜೆಲ್ಲ ಸ್ಪೀಕರ್‌ಗೆ ಬರುತ್ತದೆ. ಅದನ್ನು ತಡೆಯೋಕೆ ಗ್ರೌಂಡ್ ಲೂಪ್ ಐಸೋಲೇಟರ್ ಅಂತ ಮತ್ತೊಂದು ಡಬ್ಬಿ. ಒಂದು ವೈರಿನಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ಈಗ ಗೇರ್ ಹತ್ತಿರ ಹಗ್ಗದ ಗಂಟಿನ ಹಾಗೆ ವೈರ್ ರಾಶಿ. ಗೇರ್ ಹಾಕುವಾಗ ಕೈಗೆ ಸಿಕ್ಕಿಹಾಕಿಕೊಳ್ಳುತ್ತದೆ. ಶಿರಾಡಿ ಘಾಟಿಯ ತಿರುವುಗಳಲ್ಲಿ ಇದು ಬೇಕಾ ಹೇಳಿ.

"ಪೆನ್ ಡ್ರೈವ್ ಹಾಕಿ, ಯಾಕೆ ತಲೆಬಿಸಿ" ಅನ್ನುವವರಿಗೆ ಉತ್ತರ ಇದೆ. ಹಾಕಿದ್ದೇನೆ. 64 ಜಿಬಿಯದ್ದು ಸಾಮಾನ್ಯವಾಗಿ ಎಕ್ಸ್‌ಫ್ಯಾಟ್ ಅನ್ನುವ ಫಾರ್ಮ್ಯಾಟ್‌ನಲ್ಲಿ ಬರುತ್ತದೆ, ಈ ಸ್ಟೀರಿಯೋ ಫ್ಯಾಟ್32 ಅನ್ನುವ ಹಳೇ ಫಾರ್ಮ್ಯಾಟ್ ಬಿಟ್ಟು ಬೇರೆ ಯಾವುದನ್ನೂ ಓದಲ್ಲ. ಎಂಪಿ3 ಬಿಟ್ಟು ಬೇರೆ ಫೈಲ್ ಹಾಡಲ್ಲ. ಕನ್ನಡದಲ್ಲಿ ಹೆಸರಿಟ್ಟ ಫೈಲುಗಳೆಲ್ಲ ಪರದೆ ಮೇಲೆ ಪ್ರಶ್ನಾರ್ಥಕ ಚಿಹ್ನೆಗಳ ಸಾಲು. ಯಾವ ಪ್ರಸಂಗ, ಯಾವ ಭಾಗ, ದೇವರೇ ಬಲ್ಲ. ಅದನ್ನೆಲ್ಲ ಸಹಿಸಿಕೊಂಡೆ. ಸಹಿಸೋಕೆ ಆಗದ್ದು ಇದು: ತಾಳಮದ್ದಳೆ ಅಂದರೆ ಮೂರು ಗಂಟೆ, ನಾಲ್ಕು ಗಂಟೆಯ ಒಂದೇ ಫೈಲು. ಹಾಸನದ ಹತ್ತಿರ ಕಾಫಿಗೆ ನಿಲ್ಲಿಸಿ, ಮತ್ತೆ ಕೀ ತಿರುಗಿಸಿದರೆ ಪುನಃ ಗಣಪತಿ ಸ್ತುತಿಯಿಂದ ಶುರು. ಎಲ್ಲಿ ನಿಲ್ಲಿಸಿದ್ದೆವೋ ಅದರ ನೆನಪೇ ಇಲ್ಲ. ಮುಂದೆ ಓಡಿಸುವ ಗುಂಡಿ ಒತ್ತಿ ಹಿಡಿದುಕೊಂಡು ಎರಡು ಗಂಟೆಯಷ್ಟು ದಾಟಿಸಬೇಕು. ಡ್ರೈವ್ ಮಾಡುತ್ತಾ ಆಗುತ್ತಾ? ಅಪ್ಪನ ಬೆರಳಿಗೆ ಆ ಚಿಕ್ಕ ಗುಂಡಿ ಸಿಗುತ್ತಾ? ಫೋನಿಗಾದರೆ ನಿಲ್ಲಿಸಿದ ಜಾಗ ಗೊತ್ತಿರುತ್ತದೆ. ಅದಕ್ಕೇ ನನಗೆ ಫೋನೇ ಬೇಕು.

ಯುಎಸ್‌ಬಿ ವೈರಿನಲ್ಲಿ ಫೋನನ್ನೇ ಸಿಕ್ಕಿಸಿದರೆ? ಮೊದಲಿನ ಆಂಡ್ರಾಯ್ಡ್ ಫೋನುಗಳು ಕಾರಿಗೆ ಪೆನ್ ಡ್ರೈವ್ ಥರ ಕಾಣುತ್ತಿದ್ದವು. ಈಗಿನವು ಎಂಟಿಪಿ ಅನ್ನುವ ಬೇರೆ ರೀತಿಯಲ್ಲಿ ಮಾತಾಡುತ್ತವೆ. ನನ್ನ ಸ್ಟೀರಿಯೋಗೆ ಅದು ಅರ್ಥವೇ ಆಗಲ್ಲ. ಚಾರ್ಜ್ ಆಗುತ್ತದೆ, ಅಷ್ಟೇ.

ಸಿಗರೇಟ್ ಲೈಟರ್ ತೂತಿಗೆ ಹಾಕುವ ಎಫ್‌ಎಂ ಟ್ರಾನ್ಸ್‌ಮಿಟರ್ ಕೂಡ ನೋಡಿದ್ದಾಯಿತು. ಅದು ಫೋನಿನ ಶಬ್ದವನ್ನು ಒಂದು ಪುಟ್ಟ ಸ್ಟೇಷನ್ ಥರ ಕಾರಿನ ಎಫ್‌ಎಂ ರೇಡಿಯೋಗೆ ಕಳಿಸುತ್ತದೆ. ಬೆಂಗಳೂರಿನಲ್ಲಿ 91.1, 92.7, 93.5, 94.3, 98.3, 101.3, 102.9, 104 ಅಂತ ಸ್ಟೇಷನ್‌ಗಳು ಸಾಲಾಗಿ ಕೂತಿವೆ. ಅವುಗಳ ನಡುವೆ ಖಾಲಿ ಜಾಗ ಹುಡುಕಬೇಕು. 102.2 ಖಾಲಿ ಇದೆಯಲ್ಲ ಅಂತ ಇಟ್ಟುಕೊಂಡರೆ, ಹಾಸನದ ಆಕಾಶವಾಣಿ ಬರುವುದೇ 102.2ರಲ್ಲಿ. ವಾಲಿ ಮಾತಾಡುತ್ತಿದ್ದಾಗಲೇ ನಡುವೆ ಬೇರೆ ಯಾರದೋ ದನಿ ನುಗ್ಗಿತು. "ಎಂತ ಮಾರಾಯ, ಆ ಮಾತು ಕೇಳಲೇ ಇಲ್ಲ" ಅಂದರು ಅಪ್ಪ. ಎಷ್ಟು ಬೇಜಾರಾಯಿತು ಅಂದರೆ, ಅದನ್ನು ಕಿತ್ತು ಡ್ಯಾಶ್‌ಬೋರ್ಡ್ ಒಳಗೆ ಹಾಕಿ ಸುಮ್ಮನೆ ಗಾಡಿ ಓಡಿಸಿದೆ. ಆಮೇಲೆ ಊರು ಬರುವ ತನಕ ಕಾರಿನಲ್ಲಿ ಯಾರೂ ಜಾಸ್ತಿ ಮಾತಾಡಲಿಲ್ಲ.

ಇನ್ನು ಬೆಂಗಳೂರಿನ ಜೆ.ಸಿ. ರಸ್ತೆಯ ಕಾರ್ ಸಾಮಾನಿನ ಅಂಗಡಿಯವರ ಸಲಹೆ. "ಸೆಟ್ಟೇ ಚೇಂಜ್ ಮಾಡಿಬಿಡಿ ಸಾರ್, ದೊಡ್ಡ ಆಂಡ್ರಾಯ್ಡ್ ಸ್ಕ್ರೀನ್ ಹಾಕಿಕೊಡ್ತೀವಿ." ನನ್ನ ಕಾರಿನ ಸ್ಟೀರಿಯೋ ಡ್ಯಾಶ್‌ಬೋರ್ಡ್ ಆಕಾರದಲ್ಲೇ ಬಂದಿದೆ. ಅದನ್ನು ತೆಗೆದರೆ ಬೇರೆ ಫ್ರೇಮ್ ಹಾಕಬೇಕು, ವೈರಿಂಗ್ ಮುಟ್ಟಬೇಕು, ಸ್ಟೀರಿಂಗ್ ಮೇಲಿನ ವಾಲ್ಯೂಮ್ ಗುಂಡಿ ಕೆಲಸ ಮಾಡಲು ಇನ್ನೊಂದು ಡಬ್ಬಿ ಬೇಕು. ಹದಿನೈದು ವರ್ಷ ಒಂದು ದಿನವೂ ಕೈಕೊಡದ ಸ್ಟೀರಿಯೋ ಅದು. ಅದನ್ನು ಕಿತ್ತು ಗುಜರಿಗೆ ಹಾಕಬೇಕಾ? ಯಾಕೆ? ಅದಕ್ಕೆ ಏನಾಗಿದೆ? ಸರ್ವಿಸ್ ಸೆಂಟರ್‌ನಲ್ಲಂತೂ "ಹಳೇ ಮಾಡೆಲ್ ಸಾರ್, ಎಕ್ಸ್‌ಚೇಂಜ್ ಆಫರ್ ಇದೆ" ಅಂದರು. ಹಾಡು ಕೇಳಲು ಕಾರು ಬದಲಿಸಿ ಅಂತ ನಾಚಿಕೆ ಇಲ್ಲದೆ ಹೇಳುತ್ತಾರೆ.

ಈ ಜಾಕ್ ಏನು ನಿನ್ನೆ ಮೊನ್ನೆಯದಾ? ಹತ್ತೊಂಬತ್ತನೇ ಶತಮಾನದ ಟೆಲಿಫೋನ್ ಎಕ್ಸ್‌ಚೇಂಜ್‌ಗಳಲ್ಲಿ ಬಳಸುತ್ತಿದ್ದ ಪ್ಲಗ್ಗಿನ ಮರಿ ಅದು. ಟ್ರಾನ್ಸಿಸ್ಟರ್ ರೇಡಿಯೋ, ವಾಕ್‌ಮನ್, ಕಂಪ್ಯೂಟರ್, ಕಾರು, ಎಲ್ಲದಕ್ಕೂ ಒಂದೇ 3.5 ಮಿಲಿಮೀಟರ್ ತೂತು. ಪೇರ್ ಮಾಡಬೇಕಾಗಿಲ್ಲ, ಚಾರ್ಜ್ ಬೇಕಾಗಿಲ್ಲ, ಅಪ್‌ಡೇಟ್ ಬೇಕಾಗಿಲ್ಲ. 2016ರಲ್ಲಿ ಐಫೋನ್ 7 ಜಾಕ್ ಇಲ್ಲದೆ ಬಂತು, ಅದೇ ದಿನ ಅದೇ ವೇದಿಕೆಯಲ್ಲಿ ವೈರಿಲ್ಲದ ಇಯರ್‌ಬಡ್ ತೋರಿಸಿದರು. ಉಳಿದ ಕಂಪನಿಗಳೂ ಒಂದೊಂದಾಗಿ ಅದೇ ದಾರಿ ಹಿಡಿದವು. ನೀರು ಹೋಗಬಾರದು, ಜಾಗ ಸಾಲದು ಅಂತ ಕಾರಣ ಕೊಡುತ್ತಾರೆ. ಜಾಕೂ ಇದ್ದು ನೀರಿಗೂ ಜಗ್ಗದ ಫೋನುಗಳು ಮೊದಲೇ ಇದ್ದವಲ್ಲ! ಈಗಲೂ ಕಡಿಮೆ ಬೆಲೆಯ ಎಷ್ಟೋ ಫೋನುಗಳಲ್ಲಿ ಜಾಕ್ ಇದೆ. ಜಾಸ್ತಿ ದುಡ್ಡು ಕೊಟ್ಟವನಿಗೆ ಇಲ್ಲ. ಇದು ಜಾಗದ ಸಮಸ್ಯೆಯಂತೆ ನಿಮಗೆ ಕಾಣುತ್ತಾ? ನನಗಂತೂ ಕಾಣಲ್ಲ. ಇನ್ನೊಂದು ವಸ್ತು ಮಾರುವ ಆಟ ಇದು.

ನೆಟ್‌ನಲ್ಲಿ ಹಾಡು ಹಾಕಿಕೊಳ್ಳಿ ಅಂತ ಸಲಹೆ ಕೊಡುವವರು ಶಿರಾಡಿ ಘಾಟಿ ಬುಡದ ಗುಂಡ್ಯದ ಆಸುಪಾಸು ಒಮ್ಮೆ ಹೋಗಿ ಬನ್ನಿ. ಸಿಗ್ನಲ್ ಎಲ್ಲಿದೆ ಅಲ್ಲಿ?

ಚಾರ್ಜರ್ ಒಂದೇ ಥರ ಇರಬೇಕು ಅಂತ ಯುರೋಪಿನವರು ಕಾನೂನು ಮಾಡಿದರು. 2024ರ ಕೊನೆಗೆ ಅಲ್ಲಿ ಫೋನುಗಳಿಗೆ ಟೈಪ್-ಸಿ ಕಡ್ಡಾಯವಾಯಿತು. ಮನಸ್ಸು ಮಾಡಿದರೆ ಕಂಪನಿಗಳನ್ನು ಬಗ್ಗಿಸಬಹುದು ಅಂತ ಆಯಿತಲ್ಲ. ಹಾಗಾದರೆ ನಮ್ಮಲ್ಲಿ ಕೊನೆಪಕ್ಷ ಇಷ್ಟಾದರೂ ಮಾಡಿ. ಫೋನಿನ ಡಬ್ಬಿ ಮೇಲೆ ಜಾಕ್ ಇದೆಯೋ ಇಲ್ಲವೋ ದಪ್ಪ ಅಕ್ಷರದಲ್ಲಿ ಹಾಕಿ. ಇಲ್ಲ ಅಂದರೆ ಕೆಲಸ ಮಾಡುವ ಡಾಂಗಲ್ ಒಂದನ್ನು ಡಬ್ಬಿಯೊಳಗೇ ಇಡಿ. ಬಿಡಿಯಾಗಿ ಮಾರುವ ಡಾಂಗಲ್ ಪ್ಯಾಕೆಟ್ ಮೇಲೆ ಒಳಗೆ ಡ್ಯಾಕ್ ಇದೆಯಾ, ಯಾವ ಥರದ ಫೋನಿಗೆ ಆಗುತ್ತದೆ ಅಂತ ಬರೆಯಿರಿ. ಆಗದಿದ್ದರೆ ದುಡ್ಡು ವಾಪಸ್ ಕೊಡಿ. ನಾನು ಕಾರು ಬದಲಿಸಲ್ಲ, ಸ್ಟೀರಿಯೋನೂ ಬದಲಿಸಲ್ಲ. ಮುಂದಿನ ಫೋನ್ ತೆಗೆದುಕೊಳ್ಳುವಾಗ ಕ್ಯಾಮರಾ ಎಷ್ಟು ಅಂತಲೂ ಕೇಳಲ್ಲ. ಜಾಕ್ ಇಲ್ಲದಿದ್ದರೆ ಆ ಫೋನ್ ನನಗೆ ಬೇಡ.